ಪಾಚಿ ಕಟ್ಟಿದ ಫಲಕದ ಮೇಲೆ ಹೊಳೆಯುವ ಸ್ಟಿಕ್ಕರ್

ಮಾನ್ಯ ಸಂಪಾದಕರೇ,

ಕವಲೇದುರ್ಗದಲ್ಲಿ ಪಾಳುಬಿದ್ದ ಅರಮನೆಯ ಮುಂದೆ ನಿಂತು ಫೋನ್ ಎತ್ತಿ ಹಿಡಿದರೆ ಪರದೆಯ ಮೇಲೆ ಕಂಬ, ಮಾಡು, ಬಾಗಿಲು ಎಲ್ಲ ಎದ್ದು ನಿಲ್ಲುವಂತೆ ಮಾಡುವುದು ಈಗ ಅಂಥ ಕಷ್ಟದ ಕೆಲಸವಲ್ಲ. ಆಗ್ಮೆಂಟೆಡ್ ರಿಯಾಲಿಟಿ, ಚಿಕ್ಕದಾಗಿ ಎಆರ್, ಅಂದರೆ ಇದೇ. ಕೆಳದಿ, ಇಕ್ಕೇರಿ, ಜೋಗ, ಶಿವಮೊಗ್ಗದ ಶಿವಪ್ಪನಾಯಕ ಅರಮನೆ, ಎಲ್ಲ ಕಡೆಗೂ ಇದು ಬರಲಿ ಎನ್ನುವವರೇ ನಾವು. ಆದರೆ ಫಲಕ ನಿಲ್ಲಿಸುವವರಿಗೂ ಫೋನ್ ಎತ್ತಿ ಹಿಡಿಯುವವರಿಗೂ ಕೆಲವು ಸಂಗತಿ ಮೊದಲೇ ಗೊತ್ತಿರಬೇಕು. ಸ್ವಲ್ಪ ಉದ್ದದ ಪತ್ರ, ಜಾಗ ಕೊಡಬೇಕಾಗಿ ವಿನಂತಿ.

ಫಲಕದಿಂದಲೇ ಶುರು ಮಾಡೋಣ. ಇಂಥ ಕಡೆ ಎಆರ್ ತೆರೆದುಕೊಳ್ಳುವುದು ಹೆಚ್ಚಾಗಿ ಒಂದು ಕ್ಯುಆರ್ ಕೋಡ್‌ನಿಂದ. ಮಲೆನಾಡಿನಲ್ಲಿ ಬಯಲಿಗೆ ನಿಲ್ಲಿಸಿದ ಯಾವ ಫಲಕವೂ ಎರಡು ಮಳೆಗಾಲ ದಾಟಿದ ಮೇಲೆ ಹೊಸದಾಗಿ ಉಳಿಯುವುದಿಲ್ಲ. ಆಗುಂಬೆ ಕಡೆ ವರ್ಷದ ಸರಾಸರಿ ಮಳೆಯೇ 7,000 ಮಿಲಿಮೀಟರ್ ಮೀರುತ್ತದೆ. ವಿನೈಲ್ ಸ್ಟಿಕ್ಕರ್‌ನ ಅಂಚು ಏಳುತ್ತದೆ, ಒಳಗೆ ನೀರು ಸೇರಿ ಕಪ್ಪಾಗುತ್ತದೆ, ಮೇಲೆ ಪಾಚಿ ಕೂರುತ್ತದೆ, ಕೋಡ್ ಓದಲು ಬರುವುದಿಲ್ಲ. ಆಗ ಯಾರೋ ಬಂದು ಅದರ ಮೇಲೊಂದು ಹೊಸ ಸ್ಟಿಕ್ಕರ್ ಅಂಟಿಸಿ ಹೋದರೆ ಯಾರಿಗೂ ಅನುಮಾನ ಬರುವುದಿಲ್ಲ. ಅಂತೂ ರಿಪೇರಿ ಮಾಡಿಸಿದರಲ್ಲ ಎಂದು ಸಮಾಧಾನವೇ ಆಗುತ್ತದೆ. ಅಂಗಡಿಗಳ ಯುಪಿಐ ಕೋಡ್ ಮೇಲೆ ತಮ್ಮ ಕೋಡ್ ಅಂಟಿಸಿ ಹಣ ತಮ್ಮ ಖಾತೆಗೆ ಹರಿಸಿಕೊಂಡವರ ಸುದ್ದಿ ದೇಶದ ಹಲವೆಡೆಯಿಂದ ಬಂದಿದೆ. ಅಂಗಡಿಯವರಿಗಾದರೆ ಸಂಜೆ ಲೆಕ್ಕ ನೋಡುವಾಗ ಗೊತ್ತಾಗುತ್ತದೆ. ಕಾಡಿನಂಚಿನ ಫಲಕದ ಲೆಕ್ಕ ನೋಡುವವರು ಯಾರು?

ಕ್ಯುಆರ್ ಕೋಡ್‌ನಲ್ಲಿ ಇರುವುದು ಬರೀ ಅಕ್ಷರಗಳು. ಆ ಅಕ್ಷರಗಳನ್ನು ಓದಿ ಸಾಧನ ಏನು ಮಾಡುತ್ತದೆ ಎಂಬುದರಲ್ಲಿದೆ ಅಪಾಯ. 2013ರಲ್ಲಿ ಲುಕ್‌ಔಟ್ ಎಂಬ ಭದ್ರತಾ ಕಂಪನಿಯವರು ಗೂಗಲ್ ಗ್ಲಾಸ್ ಕನ್ನಡಕದಲ್ಲಿ ಒಂದು ದೋಷ ತೋರಿಸಿದರು. ಕನ್ನಡಕ ತೆಗೆದ ಫೋಟೊದಲ್ಲಿ ಕ್ಯುಆರ್ ಕೋಡ್ ಇದ್ದರೆ ಸಾಕು, ಹಾಕಿಕೊಂಡವರನ್ನು ಒಂದು ಮಾತೂ ಕೇಳದೆ ಅದನ್ನು ಓದಿ, ಅದರಲ್ಲಿ ಬರೆದಿರುವ ವೈಫೈಗೆ ಹೋಗಿ ಸೇರಿಕೊಳ್ಳುತ್ತಿತ್ತು. ಆ ವೈಫೈ ಕಳ್ಳನದಾಗಿದ್ದರೆ ಕನ್ನಡಕದಿಂದ ಹೋಗುವ ಬರುವ ಮಾಹಿತಿಯೆಲ್ಲ ಅವನ ಕೈ ದಾಟಿಯೇ ಹೋಗಬೇಕು. ಗೂಗಲ್ ಅದೇ ವರ್ಷ ಅದನ್ನು ಸರಿಪಡಿಸಿತು. ಈಗಿನ ಫೋನ್‌ಗಳು ತೆರೆಯುವ ಮುನ್ನ ಕೇಳುತ್ತವೆ, ನಾವು ಓದದೆ ಒತ್ತುತ್ತೇವೆ.

ಹಾಗಾಗಿ ಸ್ಕ್ಯಾನ್ ಮಾಡುವ ಮುನ್ನ ಕೋಡ್‌ನ ಅಂಚಿನ ಮೇಲೆ ಉಗುರು ಆಡಿಸಿ ನೋಡಿ. ಒಂದರ ಮೇಲೊಂದು ಪದರ ತಾಗಿದರೆ ಬಿಟ್ಟುಬಿಡಿ. ಸ್ಕ್ಯಾನ್ ಮಾಡಿದಾಗ ಕ್ಯಾಮೆರಾ ಕೆಳಗೆ ವಿಳಾಸ ತೋರಿಸುತ್ತದೆ. ಅದರಲ್ಲಿ ಮೊದಲ ಒಂಟಿ ಓರೆಗೆರೆ ಎಲ್ಲಿದೆಯೋ ಅಲ್ಲಿಗೆ ನಿಂತು, ಅಲ್ಲಿಂದ ಎಡಕ್ಕೆ ಓದಿ. ಸರ್ಕಾರಿ ತಾಣವಾದರೆ ಕೊನೆಗೆ 'ಡಾಟ್ ಗೌ ಡಾಟ್ ಇನ್' (.gov.in) ಅಥವಾ 'ಡಾಟ್ ಎನ್‌ಐಸಿ ಡಾಟ್ ಇನ್' ಇರಬೇಕು. 'ಗೌ' ಎಂಬುದರ ಹಿಂದೆ ಚುಕ್ಕೆಯ ಬದಲು ಅಡ್ಡಗೆರೆ ಇದ್ದರೆ ಅದು ಸರ್ಕಾರದ್ದಲ್ಲ, ಕೆಲವು ನೂರು ರೂಪಾಯಿ ಕೊಟ್ಟು ಯಾರು ಬೇಕಾದರೂ ಕೊಳ್ಳಬಹುದಾದ ಹೆಸರು. ವಿಳಾಸ ತುಂಡು ಕೊಂಡಿಯಾಗಿದ್ದರೆ, ಅಂದರೆ ಉದ್ದ ವಿಳಾಸದ ಬದಲಿಗೆ ಕೊಟ್ಟ ಗಿಡ್ಡ ಲಿಂಕ್ ಆಗಿದ್ದರೆ, ಹಿಂದೆ ಏನಿದೆ ಎಂಬುದೇ ಕಾಣುವುದಿಲ್ಲ, ತೆರೆಯಬೇಡಿ. ತೆರೆದ ಪುಟ 'ಈ ಆ್ಯಪ್ ಇನ್‌ಸ್ಟಾಲ್ ಮಾಡಿಕೊಳ್ಳಿ' ಎಂದು ನೇರವಾಗಿ ಫೈಲ್ ಇಳಿಸತೊಡಗಿದರೆ ಅಲ್ಲಿಗೆ ಮುಗಿಸಿ. ಕೋಟೆ ತೋರಿಸಲು ಯುಪಿಐ ಪಿನ್ ಕೇಳಿದರಂತೂ ಹೇಳುವುದೇ ಬೇಡ.

ಇನ್ನು ಕ್ಯಾಮೆರಾ. ನಮ್ಮ ಮುಖ್ಯ ಮಾತು ಇರುವುದು ಇಲ್ಲೇ. ಎಆರ್ ಆ್ಯಪ್‌ಗೆ ಕ್ಯಾಮೆರಾ ಕೊಟ್ಟರೆ ಫೋಟೊ ತೆಗೆಯಲು ಬಿಟ್ಟಂತೆ ಎಂದು ಜನ ತಿಳಿದಿದ್ದಾರೆ. ನಿಜಕ್ಕೂ ಅದು ಸರ್ವೆಯವರನ್ನು ಮನೆಯೊಳಗೆ ಕರೆದಂತೆ. ಕ್ಯಾಮೆರಾ ಸೆಕೆಂಡಿಗೆ ಸುಮಾರು 30 ಚಿತ್ರ ಹಿಡಿಯುತ್ತದೆ. ಒಂದೊಂದರಲ್ಲೂ ಕಂಬದ ಮೂಲೆ, ಕಿಟಕಿಯ ಸರಳು, ಗಾರೆ ನೆಲದ ಬಿರುಕು, ಹೀಗೆ ಎದ್ದು ಕಾಣುವ ಬಿಂದುಗಳನ್ನು ತಂತ್ರಾಂಶ ಗುರುತಿಟ್ಟುಕೊಳ್ಳುತ್ತದೆ. ಫೋನ್ ಎಷ್ಟು ಸರಿಯಿತು, ಎತ್ತ ತಿರುಗಿತು ಎಂಬುದನ್ನು ಒಳಗಿರುವ ಆಕ್ಸಿಲರೋಮೀಟರ್ ಮತ್ತು ಗೈರೋಸ್ಕೋಪ್ ಹೇಳುತ್ತವೆ. ಎರಡನ್ನೂ ತಾಳೆ ಹಾಕಿದರೆ ಗೋಡೆ ಎಲ್ಲಿದೆ, ಮೇಜು ಎಷ್ಟು ಎತ್ತರ ಎಂಬುದೆಲ್ಲ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಪರದೆಯ ಮೇಲಿನ ಕುರ್ಚಿ ಗಾಳಿಯಲ್ಲಿ ತೇಲದೆ ನೆಲದ ಮೇಲೆ ಕೂರುವುದು ಈ ನಕ್ಷೆಯ ಬಲದಿಂದ. ಜಗುಲಿಯಿಂದ ನಡುಮನೆಗೆ, ಅಲ್ಲಿಂದ ಉಪ್ಪರಿಗೆಗೆ ಫೋನ್ ಹಿಡಿದು ನಿಧಾನವಾಗಿ ಒಂದು ಸುತ್ತು ಬಂದರೆ ತೊಟ್ಟಿಮನೆಯ ಒಳನಕ್ಷೆ ತಯಾರು. ಒಣಗಿದ ಅಡಿಕೆ ಚೀಲ ಯಾವ ಕೋಣೆಯಲ್ಲಿ ಪೇರಿಸಿದೆ, ಬೀರು ಯಾವ ಗೋಡೆಗಿದೆ, ಹಿತ್ತಲ ಬಾಗಿಲ ಅಗುಳಿ ಯಾವ ಬದಿಗೆ, ಎಲ್ಲವೂ ಕ್ಯಾಮೆರಾದ ಕಣ್ಣಿಗೆ ಬಿದ್ದಿರುತ್ತದೆ. ಅಡಿಕೆ ಕಳ್ಳತನದ ಸುದ್ದಿ ಓದಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಳ್ಳೆಯ ಆ್ಯಪ್ ಈ ನಕ್ಷೆಯನ್ನು ಫೋನಿನಲ್ಲೇ ಮಾಡಿ, ಮುಚ್ಚಿದಾಗ ಅಳಿಸಿಬಿಡುತ್ತದೆ. ಎಲ್ಲವೂ ಹಾಗಿಲ್ಲ. 'ನಾವು ಫೋಟೊ ಕಳಿಸುವುದಿಲ್ಲ, ಬಿಂದುಗಳನ್ನು ಮಾತ್ರ ಸರ್ವರ್‌ಗೆ ಕಳಿಸುತ್ತೇವೆ' ಎಂಬ ಸಮಜಾಯಿಷಿ ಕೆಲವು ಕಡೆ ಕಾಣುತ್ತದೆ. ಆದರೆ ಬಿಂದುಗಳು ಮತ್ತು ಅವುಗಳ ಜೊತೆ ಉಳಿಸಿಟ್ಟ ವಿವರಗಳಿಂದಲೇ ಕೋಣೆಯ ಚಿತ್ರವನ್ನು ಗುರುತು ಸಿಗುವಷ್ಟು ಚೆನ್ನಾಗಿ ಮರಳಿ ಕಟ್ಟಬಹುದೆಂದು ಸಂಶೋಧಕರು 2019ರಲ್ಲೇ ತೋರಿಸಿದ್ದಾರೆ. ಹೆಸರು ಅಳಿಸಿದ್ದೇವೆ ಎಂಬ ಮಾತೂ ಅಷ್ಟೇ ಪೊಳ್ಳು. ತಲೆಗೆ ಹಾಕಿದರೆ ಪೂರ್ತಿ ಕಲ್ಪಿತ ಲೋಕ ತೋರಿಸುವ ವಿಆರ್ (ವರ್ಚುವಲ್ ರಿಯಾಲಿಟಿ) ಸಾಧನಗಳಲ್ಲಿ ತಲೆ ಮತ್ತು ಕೈಯ ಚಲನೆಯನ್ನು 100 ಸೆಕೆಂಡು ನೋಡಿ, 50,000ಕ್ಕೂ ಹೆಚ್ಚು ಆಟಗಾರರ ನಡುವೆ ಇಂಥವರೇ ಎಂದು ಶೇ 94ರಷ್ಟು ಸರಿಯಾಗಿ ಹೇಳಬಹುದೆಂದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡ 2023ರಲ್ಲಿ ತೋರಿಸಿತು. ನಡೆ ನೋಡಿಯೇ ದೂರದಿಂದ 'ಅದು ನಮ್ಮ ಭಾವನೇ' ಎನ್ನುತ್ತೇವಲ್ಲ, ಹಾಗೆ.

ನಿಜವಾಗಿ ಹಣ ಹೋಗುವುದು ಮಾತ್ರ ಇಷ್ಟು ಜಾಣ ದಾರಿಯಲ್ಲಲ್ಲ, ನಕಲಿ ಆ್ಯಪ್‌ನಲ್ಲಿ. ಪೋಕೆಮಾನ್ ಗೋ ಎಂಬ ಎಆರ್ ಆಟ 2016ರ ಜುಲೈನಲ್ಲಿ ಕೆಲವೇ ದೇಶಗಳಲ್ಲಿ ಬಿಡುಗಡೆಯಾಯಿತು. ಉಳಿದವರಿಗೆ ತಡೆಯಲಾಗಲಿಲ್ಲ, ಹೊರಗಿನ ತಾಣಗಳಿಂದ ಎಪಿಕೆ, ಅಂದರೆ ಆಂಡ್ರಾಯ್ಡ್ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್, ಇಳಿಸಿಕೊಂಡರು. ಬಿಡುಗಡೆಯಾಗಿ ಒಂದು ವಾರ ತುಂಬುವ ಮೊದಲೇ ಡ್ರಾಯ್ಡ್‌ಜ್ಯಾಕ್ ಎಂಬ ಗೂಢಚಾರಿ ತಂತ್ರಾಂಶ ಸೇರಿಸಿದ ಒಂದು ಪ್ರತಿ ಸಿಕ್ಕಿತು. ನೋಡಲು ಅದೇ ಆಟ, ಹಿಂದಿನಿಂದ ಇಡೀ ಫೋನ್ ಬೇರೆಯವರ ಕೈಯಲ್ಲಿ. ಅಸಲಿ ಆಟವೂ ಶುರುವಿನಲ್ಲಿ ಐಫೋನ್‌ನಲ್ಲಿ ಬಳಕೆದಾರರ ಗೂಗಲ್ ಖಾತೆಯ ಪೂರ್ತಿ ಅಧಿಕಾರ ಕೇಳಿತ್ತು, ಗಲಾಟೆಯಾದ ಮೇಲೆ ಕಂಪನಿ ಅದನ್ನು ತಿದ್ದಿಕೊಂಡಿತು.

ನಮ್ಮ ಕಡೆ ನಕಲಿ ಆ್ಯಪ್ ಒಳಬರಲು ಮೂರು ಬಾಗಿಲು. ಒಂದು, ಸಿಗ್ನಲ್. ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಫೋನ್ ಹಿಡಿದು ಗುಡ್ಡ ಹತ್ತಿದರೆ ಎರಡು ಕಡ್ಡಿ. ದೊಡ್ಡ ಆ್ಯಪನ್ನು ಪ್ಲೇ ಸ್ಟೋರ್‌ನಿಂದ ಇಳಿಸುವ ಬದಲು ಪಕ್ಕದ ಮನೆಯವರ ಫೋನಿನಿಂದ, ವಾಟ್ಸ್ಆ್ಯಪ್ ಗುಂಪಿನಿಂದ ತೆಗೆದುಕೊಳ್ಳುವುದು ಸಲೀಸು. ಎರಡು, ಅಳತೆ. ಚಪ್ಪರಕ್ಕೆ, ತಗಡಿನ ಶೀಟಿಗೆ ಅಂಗಳ ಅಳೆಯಲು ಎಆರ್ ಆ್ಯಪ್ ಹುಡುಕುವವರಿದ್ದಾರೆ. ಗೂಗಲ್ ತನ್ನ ಮೆಷರ್ ಆ್ಯಪನ್ನು 2021ರಲ್ಲಿ ಕೈಬಿಟ್ಟಿತು, ಈಗ ಆ ಹೆಸರಿನಲ್ಲಿ ಹೊರಗೆಲ್ಲಾದರೂ ಸಿಗುವ ಫೈಲ್ ಯಾರು ತಿದ್ದಿದ್ದೋ ಹೇಳಲಾಗದು. ಐಫೋನ್‌ನಲ್ಲಿ ಅಳತೆಯ ಆ್ಯಪ್ ಫೋನಿನ ಜೊತೆಗೇ ಬರುತ್ತದೆ. ಉಳಿದವರಿಗೆ ಟೇಪೇ ಲೇಸು. ಅಂದಹಾಗೆ ಎಆರ್ ಅಳತೆ ಕೆಲವು ಸೆಂಟಿಮೀಟರ್ ಆಚೀಚೆ ಆಗುವುದು ಮಾಮೂಲು, ಮಬ್ಬು ಬೆಳಕಲ್ಲಿ ಇನ್ನೂ ಹೆಚ್ಚು. ಅದನ್ನು ನಂಬಿ ಶೀಟು ಕತ್ತರಿಸಿದರೆ ಸೈಬರ್ ಕಳ್ಳ ಬರುವ ಮೊದಲೇ ನಷ್ಟ.

ಮೂರನೆಯದು ಹಳೇ ಫೋನ್. ಆಂಡ್ರಾಯ್ಡ್‌ನಲ್ಲಿ ಬಹುತೇಕ ಎಆರ್ ಆ್ಯಪ್‌ಗಳು 'ಗೂಗಲ್ ಪ್ಲೇ ಸರ್ವೀಸಸ್ ಫಾರ್ ಎಆರ್' ಎಂಬ ಆ್ಯಪ್‌ನ ಮೇಲೆ ನಿಂತಿವೆ. ಕ್ಯಾಮೆರಾ ಮತ್ತು ಸೆನ್ಸರ್‌ಗಳನ್ನು ಮಾಡೆಲ್ ಮಾಡೆಲ್‌ಗೆ ಪರೀಕ್ಷಿಸಿ ಗೂಗಲ್ ಒಪ್ಪಿಗೆ ಕೊಡುತ್ತದೆ. ಒಪ್ಪಿಗೆ ಇಲ್ಲದ ಫೋನಿನಲ್ಲಿ ಪ್ಲೇ ಸ್ಟೋರ್ 'ನಿಮ್ಮ ಸಾಧನಕ್ಕೆ ಹೊಂದುವುದಿಲ್ಲ' ಎನ್ನುತ್ತದೆ. ಆಗ ಜನ ಯಾವ ಫೋನಿನಲ್ಲೂ ಓಡುತ್ತದೆ ಎಂಬ ತಿದ್ದಿದ ಎಪಿಕೆ ಹುಡುಕುತ್ತಾರೆ. ಅದು ಹೆಚ್ಚೆಂದರೆ ನಿಮ್ಮ ಫೋನ್ ಬೇರೆ ಮಾಡೆಲ್ ಎಂದು ಸುಳ್ಳು ಹೇಳುತ್ತದೆ. ಸೆನ್ಸರ್ ಸರಿಯಿಲ್ಲದೆ ಚಿತ್ರ ಓಲಾಡುತ್ತದೆ, ಜೊತೆಗೆ ಏನು ಸೇರಿಸಿದ್ದಾರೋ ಅದು ನಿಮ್ಮ ಪಾಲಿಗೆ. ಹೊಂದುವುದಿಲ್ಲ ಎಂದರೆ ಹೊಂದುವುದಿಲ್ಲ, ಅಷ್ಟಕ್ಕೆ ಬಿಡಿ.

ಸೆಟ್ಟಿಂಗ್ಸ್‌ನಲ್ಲಿ ಮಾಡಬೇಕಾದ್ದು ಹತ್ತು ನಿಮಿಷದ ಕೆಲಸ. 'ಅಪರಿಚಿತ ಆ್ಯಪ್‌ ಇನ್‌ಸ್ಟಾಲ್' ಎಂದು ಹುಡುಕಿ, ಅಲ್ಲಿ ವಾಟ್ಸ್ಆ್ಯಪ್, ಕ್ರೋಮ್, ಫೈಲ್ ಮ್ಯಾನೇಜರ್ ಮೂರಕ್ಕೂ ಅನುಮತಿ ತೆಗೆಯಿರಿ. ಎಆರ್ ಆ್ಯಪ್‌ಗೆ ಕ್ಯಾಮೆರಾವನ್ನು 'ಪ್ರತಿ ಬಾರಿ ಕೇಳಿ' ಎಂದಿಡಿ. ಸ್ಥಳದ ಅನುಮತಿ ಕೇಳಿದರೆ 'ನಿಖರ' ಬೇಡ, 'ಅಂದಾಜು' ಸಾಕು. ಆಂಡ್ರಾಯ್ಡ್ 12ರಿಂದ ಈಚೆಗೆ ಈ ಆಯ್ಕೆ ಇದೆ, ಅದರಲ್ಲಿ ನೀವು ಸುಮಾರು ಮೂರು ಚದರ ಕಿಲೋಮೀಟರ್ ಒಳಗೆ ಎಲ್ಲೋ ಇದ್ದೀರಿ ಎಂದಷ್ಟೇ ತಿಳಿಯುತ್ತದೆ. ಗದ್ದೆ, ತೋಟ, ಮನೆ ಎಲ್ಲ ಅದರೊಳಗೇ ಬಂತು. ಮೈಕ್ ಯಾಕೆ ಬೇಕು ಎಂಬುದಕ್ಕೆ ನಿಮಗೇ ಉತ್ತರ ಹೊಳೆಯದಿದ್ದರೆ ಕೊಡಬೇಡಿ. ಮೇಲಿನ ಮೂಲೆಯ ಹಸಿರು ಗುರುತು ಕ್ಯಾಮೆರಾ ಅಥವಾ ಮೈಕ್ ಓಡುತ್ತಿದೆ ಎಂಬುದಕ್ಕೆ ಸಾಕ್ಷಿ, ಆ್ಯಪ್ ಮುಚ್ಚಿದ ಮೇಲೂ ಅದು ಆರದಿದ್ದರೆ ಪ್ರೈವೆಸಿ ಡ್ಯಾಶ್‌ಬೋರ್ಡ್ ತೆರೆದು ಯಾವ ಆ್ಯಪ್, ಎಷ್ಟು ಗಂಟೆಗೆ ಎಂದು ನೋಡಿ. ಎಸ್‌ಎಂಎಸ್, ನೋಟಿಫಿಕೇಶನ್ ಓದುವ ಅಧಿಕಾರ, ಆ್ಯಕ್ಸೆಸಿಬಿಲಿಟಿ, ಈ ಮೂರೂ ಕೋಟೆ ತೋರಿಸುವ ಆ್ಯಪ್‌ಗೆ ಬೇಕಾಗುವುದೇ ಇಲ್ಲ. ಅದರಲ್ಲೂ ಆ್ಯಕ್ಸೆಸಿಬಿಲಿಟಿ ಕೊಟ್ಟರೆ ಆ್ಯಪ್ ನಿಮ್ಮ ಪರದೆ ಓದುತ್ತದೆ, ನಿಮ್ಮ ಬದಲಿಗೆ ಗುಂಡಿ ಒತ್ತುತ್ತದೆ. ಹೊರಗಿಂದ ತಂದ ಆ್ಯಪ್‌ಗಳಿಗೆ ಇದನ್ನು ಸುಲಭವಾಗಿ ಕೊಡದಂತೆ ಆಂಡ್ರಾಯ್ಡ್ 13ರಿಂದ ತಡೆ ಇದೆ. ಆ ತಡೆಯನ್ನು ತೆಗೆಯುವುದು ಹೇಗೆಂದು ಹಂತಹಂತವಾಗಿ ಹೇಳಿಕೊಡುವ ಆ್ಯಪ್ ಅಥವಾ ಫೋನ್ ಕರೆ ಬಂದರೆ ಕಳ್ಳರು ತಾವಾಗಿ ಪರಿಚಯ ಹೇಳಿಕೊಂಡರು ಎಂದುಕೊಳ್ಳಿ.

ಒಂದು ದೌರ್ಬಲ್ಯಕ್ಕೆ ಮಾತ್ರ ಬಳಕೆದಾರರ ಕೈಯಲ್ಲಿ ಬೀಗವಿಲ್ಲ. ಚಲನೆಯ ಸೆನ್ಸರ್‌ಗಳನ್ನು ಓದಲು ಆಂಡ್ರಾಯ್ಡ್ ಆ್ಯಪ್‌ಗಳು ಅನುಮತಿಯನ್ನೇ ಕೇಳಬೇಕಿಲ್ಲ. ಆಂಡ್ರಾಯ್ಡ್ 12ರಿಂದ ಸೆಕೆಂಡಿಗೆ 200 ಸಲಕ್ಕಿಂತ ಹೆಚ್ಚು ಓದದಂತೆ ಮಿತಿ ಹಾಕಿದ್ದಾರೆ. ಹೀಗಾಗಿ ಬಳಸದ ಆ್ಯಪನ್ನು ಅಳಿಸುವುದೇ ಇಲ್ಲಿ ಉಳಿದ ದಾರಿ. ಪ್ರವಾಸ ಮುಗಿಸಿ ಬಸ್ ಹತ್ತುವಾಗಲೇ ತೆಗೆದುಹಾಕಿ.

ತಪ್ಪಿ ಇನ್‌ಸ್ಟಾಲ್ ಆಗಿಬಿಟ್ಟಿತು ಅನ್ನಿ. ಮೊದಲು ಫ್ಲೈಟ್ ಮೋಡ್ ಒತ್ತಿ, ವೈಫೈ ಆರಿದೆಯೇ ನೋಡಿ. ಆ ಫೋನಿನಲ್ಲಿ ಬ್ಯಾಂಕ್ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡುವ ಆಸೆ ಬೇಡ, ನೀವು ಒತ್ತುವ ಪಿನ್‌ಗಾಗಿಯೇ ಅದು ಕಾದಿರುತ್ತದೆ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಯುಪಿಐ, ಕಾರ್ಡ್ ನಿಲ್ಲಿಸಿ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತಾ ಹೋಗುತ್ತದೆ, ಎಷ್ಟು ಬೇಗ ಹೇಳಿದರೆ ಅಷ್ಟು ಹತ್ತಿರದಲ್ಲಿ ತಡೆಯಬಹುದು. ನಂತರ ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಿ, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ಆಮೇಲೆ ಆ ಆ್ಯಪ್‌ನ ಆ್ಯಕ್ಸೆಸಿಬಿಲಿಟಿ ತೆಗೆದು ಅಳಿಸಿ. ಅಳಿಸುವ ಗುಂಡಿ ಮಂಕಾಗಿ ಒತ್ತಲಾಗದಿದ್ದರೆ ಅದು ಡಿವೈಸ್ ಅಡ್ಮಿನ್ ಪಟ್ಟಿಯಲ್ಲಿ ಸೇರಿಕೊಂಡಿದೆ, ಅಲ್ಲಿಂದ ಮೊದಲು ತೆಗೆಯಿರಿ. ಅದೂ ಆಗದಿದ್ದರೆ ದೂರಿಗೆ ಬೇಕಾದ ಮೆಸೇಜ್‌ಗಳನ್ನು ಇನ್ನೊಂದು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿ. ಗೂಗಲ್ ಪಾಸ್‌ವರ್ಡ್ ಬದಲಿಸುವುದು ಬೇರೆ ಸಾಧನದಿಂದ. ವಾಟ್ಸ್ಆ್ಯಪ್‌ನ 'ಲಿಂಕ್ಡ್ ಡಿವೈಸಸ್'ನಲ್ಲಿ ಗೊತ್ತಿಲ್ಲದ ಸಾಧನ ಸೇರಿಕೊಂಡಿದೆಯೇ ನೋಡಲು ಮರೆಯಬೇಡಿ.

ಕನ್ನಡಕಗಳ ಬಗ್ಗೆ ಎರಡು ಮಾತು. ರೇ-ಬ್ಯಾನ್ ಮೆಟಾ ಕನ್ನಡಕ 2025ರ ಮೇ ತಿಂಗಳಿಂದ ಭಾರತದಲ್ಲೂ ಮಾರಾಟದಲ್ಲಿದೆ. ಆ ಮಾದರಿ ಕಣ್ಣೆದುರು ಚಿತ್ರ ಮೂಡಿಸುವುದಿಲ್ಲವಾದ್ದರಿಂದ ಪೂರ್ತಿ ಎಆರ್ ಅಲ್ಲ, ಆದರೆ ಕ್ಯಾಮೆರಾ ಇದೆ. 2024ರಲ್ಲಿ ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಇಂಥದೇ ಕನ್ನಡಕಕ್ಕೆ ಮುಖ ಹುಡುಕುವ ತಾಣವೊಂದನ್ನು ಜೋಡಿಸಿ, ದಾರಿಯಲ್ಲಿ ಸಿಕ್ಕ ಅಪರಿಚಿತರ ಹೆಸರು, ವಿಳಾಸ ಹೊರಗೆಡವಬಹುದೆಂದು ತೋರಿಸಿದರು. ರೆಕಾರ್ಡ್ ಆಗುವಾಗ ಮುಂದೆ ಚಿಕ್ಕ ದೀಪ ಹೊತ್ತುತ್ತದೆ, ಮಧ್ಯಾಹ್ನದ ಬಿಸಿಲಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ. ಎಟಿಎಂ, ಗಾಂಧಿ ಬಜಾರ್‌ನ ಅಂಗಡಿ, ಎಲ್ಲೇ ಆಗಲಿ ಪಿನ್ ಒತ್ತುವಾಗ ಇನ್ನೊಂದು ಕೈ ಅಡ್ಡ ಹಿಡಿಯುವ ಹಳೇ ಅಭ್ಯಾಸ ಇದಕ್ಕೂ ನಡೆಯುತ್ತದೆ. ನೋಟವೂ ಗುಟ್ಟು ಬಿಡುತ್ತದೆ. ತಲೆಗೆ ಹಾಕಿಕೊಂಡು ಕಣ್ಣೋಟದಿಂದಲೇ ಅಕ್ಷರ ಆರಿಸುವ ಆ್ಯಪಲ್ ವಿಷನ್ ಪ್ರೊ ಸಾಧನದಲ್ಲಿ ವೀಡಿಯೊ ಕರೆಯಲ್ಲಿರುವವರ ಪ್ರತಿರೂಪದ ಕಣ್ಣು ಹೊರಳುವುದನ್ನು ನೋಡಿಯೇ ಅವರು ಏನು ಟೈಪ್ ಮಾಡುತ್ತಿದ್ದಾರೆಂದು ಊಹಿಸಬಹುದು ಎಂಬುದು 2024ರಲ್ಲಿ ಬಯಲಾಯಿತು. ಟೈಪ್ ಮಾಡುವಾಗ ಪ್ರತಿರೂಪ ಕಾಣದಂತೆ ಕಂಪನಿ ಬದಲಾಯಿಸಿತು.

ಶಾಲೆಗಳಿಗೆ ಎಆರ್ ಪಾಠದ ಆ್ಯಪ್ ಮಾರಲು ಬರುವವರನ್ನು ಮುಖ್ಯೋಪಾಧ್ಯಾಯರು ಒಂದು ಪ್ರಶ್ನೆ ಕೇಳಲಿ: ಲಾಗಿನ್ ಇಲ್ಲದೆ, ಇಂಟರ್‌ನೆಟ್ ಇಲ್ಲದೆ ಇದು ಓಡುತ್ತದೆಯೇ? ಹೃದಯದ ಮಾದರಿ ಮೇಜಿನ ಮೇಲೆ ತಿರುಗಲು ಮಗುವಿನ ಹೆಸರು, ಮುಖ ಯಾಕೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಗು ಎಂದರೆ 18 ತುಂಬದವರು, ಅವರ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆ ಬೇಕು. ಆ ಬಾಧ್ಯತೆಗಳನ್ನು ಮೀರಿದರೆ ದಂಡ 200 ಕೋಟಿ ರೂಪಾಯಿವರೆಗೆ ಹೋಗಬಹುದು.

ಕೊನೆಯದಾಗಿ ಫಲಕ ನಿಲ್ಲಿಸುವ ಇಲಾಖೆಗಳಿಗೆ, ಆ್ಯಪ್ ಬರೆಯುವ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರಿಗೆ. ಸ್ಟಿಕ್ಕರ್ ಬೇಡವೇ ಬೇಡ. ಕೋಡನ್ನು ಸ್ಟೀಲ್ ತಗಡಿನಲ್ಲಿ ಕೊರೆಸಿ. ಕ್ಯುಆರ್‌ನಲ್ಲಿ ನಾಲ್ಕು ದೋಷ ತಿದ್ದುಪಡಿ ಮಟ್ಟಗಳಿವೆ, ಎಲ್‌ನಲ್ಲಿ ಶೇ 7ರಷ್ಟು ಭಾಗ ಹಾಳಾದರೂ ಓದಬಹುದು, ಎಚ್‌ನಲ್ಲಿ ಶೇ 30ರಷ್ಟು. ಪಾಚಿಯ ಊರಿಗೆ ಎಚ್ ಬೇಕು. ಒಂದು ಮೀಟರ್ ದೂರದಿಂದ ಓದಬೇಕಾದರೆ ಕೋಡ್ 10 ಸೆಂಟಿಮೀಟರ್ ಅಗಲವಿರಲಿ, ಸುತ್ತಲೂ ಕೋಡ್‌ನೊಳಗಿನ ನಾಲ್ಕು ಪುಟ್ಟ ಚೌಕದಷ್ಟು ಖಾಲಿ ಜಾಗ ಬಿಡಿ. ಕೆಳಗೆ ವಿಳಾಸವನ್ನು ಅಕ್ಷರಗಳಲ್ಲೂ ಕೊರೆಸಿ, ಆಗ ಅಂಟಿಸಿದ ಕೋಡ್ ಬೇರೆಡೆಗೆ ಕರೆದೊಯ್ದರೆ ನೋಡುವವರಿಗೆ ತಾಳೆಯಾಗುವುದಿಲ್ಲ.

ವಿಳಾಸ ಗುತ್ತಿಗೆದಾರರ ಹೆಸರಿನಲ್ಲಿರಬಾರದು. ಫಲಕ ಹದಿನೈದು ವರ್ಷ ನಿಲ್ಲುತ್ತದೆ, ಡೊಮೈನ್‌ಗೆ, ಅಂದರೆ ತಾಣದ ಹೆಸರಿಗೆ, ಹಣ ಕಟ್ಟುವುದು ವರ್ಷ ವರ್ಷ. ಗುತ್ತಿಗೆ ಮುಗಿದು ಯಾರೂ ಕಟ್ಟದಿದ್ದರೆ ಹೆಸರು ಮಾರುಕಟ್ಟೆಗೆ ಬರುತ್ತದೆ, ಬೇರೆಯವರು ಕೊಂಡರೆ ಸರ್ಕಾರಿ ಲಾಂಛನದ ಕೆಳಗಿನ ಅಸಲಿ ಕೋಡೇ ಅವರ ಪುಟಕ್ಕೆ ದಾರಿ ತೋರಿಸುತ್ತದೆ. ಆಗ ಉಗುರು ಆಡಿಸಿ ನೋಡಿದರೂ ಪ್ರಯೋಜನವಿಲ್ಲ. ಆದ್ದರಿಂದ ಇಲಾಖೆಯ ಗೌ ಡಾಟ್ ಇನ್ ವಿಳಾಸದಡಿಯಲ್ಲೇ ಪುಟ ಇರಲಿ. ಸಾಧ್ಯವಾದರೆ ಆ್ಯಪ್ ಇಲ್ಲದೆ ಬ್ರೌಸರ್‌ನಲ್ಲೇ ತೋರಿಸಿ. ಕೋಟೆಯ ಬಾಗಿಲ ಕಲ್ಲನ್ನೋ ಫಲಕದ ಚಿತ್ರವನ್ನೋ ಗುರುತಾಗಿಟ್ಟುಕೊಂಡರೆ ಸುತ್ತಲಿನ ನಕ್ಷೆಯನ್ನು ಸರ್ವರ್‌ಗೆ ಏರಿಸುವ ಅಗತ್ಯವೇ ಬೀಳುವುದಿಲ್ಲ. ಆ ನಕ್ಷೆಯನ್ನು ಸರ್ವರ್‌ನಲ್ಲಿ ಇಟ್ಟುಕೊಳ್ಳುವ ಗೂಗಲ್‌ನ ಕ್ಲೌಡ್ ಆ್ಯಂಕರ್ ಬಳಸಲೇಬೇಕಾದರೆ ಅದರ ಆಯಸ್ಸು 1ರಿಂದ 365 ದಿನ ಇಡಬಹುದು, ಸುಮ್ಮನೆ 365 ಹಾಕಬೇಡಿ. ಇಂಥ ಸೇವೆ ಬಳಸಲು ಆ್ಯಪ್‌ಗೆ ಕೊಡುವ ಎಪಿಐ ಕೀಲಿಯನ್ನು ಆ್ಯಪ್‌ನ ಪ್ಯಾಕೇಜ್ ಹೆಸರು ಮತ್ತು ಸಹಿಯ ಬೆರಳಚ್ಚಿಗೆ ಕಟ್ಟಿಹಾಕಿ, ಪ್ರೋಗ್ರಾಂ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಬಿಟ್ಟುಬರಬೇಡಿ. 3ಡಿ ಮಾದರಿ ಬದಲಿಸುವ ಅಧಿಕಾರ ಇಬ್ಬರಿಗಿಂತ ಹೆಚ್ಚು ಜನರಿಗೆ ಬೇಡ, ಆ ಖಾತೆಗೆ ಎರಡು ಹಂತದ ಲಾಗಿನ್ ಇರಲಿ. ಯಾರೋ ಒಳಹೊಕ್ಕು 'ಈ ಕಡೆ ಬನ್ನಿ' ಎಂಬ ಬಾಣವನ್ನು ಜೋಗದ ಪ್ರಪಾತದ ಅಂಚಿಗೆ ತಿರುಗಿಸಿದರೆ ಹೋಗುವುದು ಬರೀ ಮಾಹಿತಿಯಲ್ಲ.

ತಿಂಗಳಿಗೊಮ್ಮೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ, ಅಲ್ಲಿನ ಕಾವಲುಗಾರರು ಪ್ರತಿ ಕೋಡ್ ಸ್ಕ್ಯಾನ್ ಮಾಡಿ ನೋಡಲಿ. ಪರೀಕ್ಷಿಸಿದ ದಿನಾಂಕ ಬರೆಯಲು ಫಲಕದ ಹಿಂದೆ ಒಂದು ಚೌಕ ಬಿಡಿ. ಪೆನ್ನಿನ ಶಾಯಿ ನಮ್ಮ ಮಳೆಗೆ ನಿಲ್ಲುವುದಿಲ್ಲ, ಮೊಳೆಯಲ್ಲಿ ಗೀಚಿದರೂ ಸಾಕು.

ಇತಿ,
ಮಾಹಿತಿ ಭದ್ರತೆ ಮತ್ತು ಮೊಬೈಲ್ ತಂತ್ರಾಂಶದಲ್ಲಿ ಕೆಲಸ ಮಾಡುವ ಕೆಲವರು,
ಶಿವಮೊಗ್ಗ